ಸೆರಗಿನ ಗಂಟಿನ ಎರಡು ಗುಳಿಗೆ

ಇಷ್ಟೊಂದು ಡಾಕ್ಟರರಿರುವ ಮಿರಜಿನಲ್ಲಿ ಅರೆಬರೆ ತಿಳಿವಳಿಕೆಯಿಂದ ಈ ಸಂಗತಿ ಹೇಳಹೊರಡುವುದು ಉದ್ಧಟತನವೇ. ಬಲ್ಲವರು ಕ್ಷಮಿಸಬೇಕು.

ಇಲ್ಲಿನ ಒಂದು ದವಾಖಾನೆಯಲ್ಲಿ ಶುಭಾಂಗಿ ಕೇಸ್‌ಪೇಪರ್ ಬರೆಯುತ್ತಿದ್ದಳು. ಕನ್ನಡದ ರೋಗಿ ಬಂದರೆ ಡಾಕ್ಟರರ ಮರಾಠಿಯನ್ನು ತಿಳಿಸಿ ಹೇಳುವುದೂ ಅವಳ ಪಾಲಿಗೇ.

ಹತ್ತಿರದ ಆರಗ ಊರಿನ ಸೀತವ್ವ ಮಗಳು ದಾನೇಶ್ವರಿಯನ್ನು ಕರೆತಂದಿದ್ದಳು. ಫ್ಲೂ ಜ್ವರ ಮೊದಲು ಹಿಡಿದದ್ದು ಅರವತ್ತು ದಾಟಿದ ಸೀತವ್ವನನ್ನೇ. ಅವಳು ಮೂರು ದಿನ ಮಲಗಿ ಎದ್ದಳು. ದ್ರಾಕ್ಷಿ ತೋಟದಲ್ಲಿ ಗಂಡಸರ ಸಮ ದುಡಿಯುವ ಮಗಳು ಆಕ್ಸಿಜನ್ ಮೇಲಿದ್ದಳು.

"ಮುದುಕಿ ನಾ ಅಡ್ಡಾಡಾಕತ್ತೇನಿ, ಗಟ್ಟಿ ಹುಡುಗಿ ಯಾಕ ಬಿದ್ದಾಳ? ಕೇಳವಾ."

ಡಾಕ್ಟರ್ ಕೇತಕಿ ವಿವರಿಸಿದರು. ವೈರಸ್ಸಿನ ಒಂದು ಪ್ರೋಟೀನು ಮೈಯ ಎಚ್ಚರಿಕೆಯ ಕೂಗನ್ನು ಅದುಮಿ ಹಿಡಿಯುತ್ತದೆ. ಅಷ್ಟರಲ್ಲಿ ವೈರಸ್ಸು ಬೆಳೆದುಬಿಡುತ್ತದೆ. ತಡವಾಗಿ ಎಚ್ಚೆತ್ತ ಮೈ, ಕೆಲವರಲ್ಲಿ, ಮಿತಿಮೀರಿ ಕಾದಾಡಿ ತನ್ನ ಶ್ವಾಸಕೋಶಕ್ಕೇ ಪೆಟ್ಟು ಮಾಡಿಕೊಳ್ಳುತ್ತದೆ. ಶುಭಾಂಗಿಗೆ ಗೊಂದಲವಾಯಿತು. ಮೈ ಸುಮ್ಮನಿದ್ದದ್ದು ತಪ್ಪೋ, ಕಾದಾಡಿದ್ದು ತಪ್ಪೋ? ಮತ್ತೆ ಕೇಳಲು ನಾಚಿಕೆ.

"ಮಾವಶಿ, ಇಕಿ ಮೈಯಾಗಿನ ಶಕ್ತಿನ ಇಕಿನ್ನ ಬಡ್ಯಾಕತ್ತೈತ್ರಿ," ಎಂದುಬಿಟ್ಟಳು.

ಮರುದಿನ ಮಧ್ಯಾಹ್ನ ವಾರ್ಡಿಗೆ ಹೋದರೆ ದಾನೇಶ್ವರಿಯ ಉಸಿರು ಇನ್ನೂ ಜೋರಾಗಿತ್ತು. ಡಬ್ಬಿಯ ಊಟ ಹಾಗೇ ಇತ್ತು.

"ಊಟಾ ಯಾಕ ಕೊಟ್ಟಿಲ್ರಿ?"

"ಶಕ್ತಿ ಇಳೀಲಿ ಅಂತ. ನೀನ ಹೇಳಿದೆಲ್ಲ." ಸೀತವ್ವ ಸೆರಗಿನ ಗಂಟು ಬಿಚ್ಚಿದಳು. ನಿನ್ನೆ ರಾತ್ರಿಯದೊಂದು, ಈ ಬೆಳಗಿನದೊಂದು ಗುಳಿಗೆ. "ಇವೂ ಶಕ್ತಿ ಗುಳಿಗಿನ ಇರಬೇಕಂತ ಕಟ್ಟಿಟ್ಟೇನಿ."

ಶುಭಾಂಗಿ ಗುಳಿಗೆಗಳನ್ನು ಕೈಗೆತ್ತಿಕೊಂಡು ನೋಡಿದಳು. ಅವು ವೈರಸ್ಸನ್ನೇ ತಡೆಯುವ ಗುಳಿಗೆಗಳು. ಗಂಟನ್ನು ಬಚ್ಚಿಟ್ಟರೆ ಕೆಲಸ ಉಳಿಯುತ್ತದೆ, ಹುಡುಗಿ? ಅವಳು ಓಡಿಹೋಗಿ ಕೇತಕಿಯವರ ಮುಂದೆ ಗುಳಿಗೆ ಇಟ್ಟಳು. "ತಪ್ಪು ನನ್ನದು ಮ್ಯಾಡಂ. ತಿಳಿಯದೇ ತಿಳಿದವಳ ಹಾಗೆ ಹೇಳಿದೆ."

ಕೇತಕಿ ಚೆನ್ನಾಗಿ ಬೈದರು. ಬೈಯುತ್ತಲೇ ಎದ್ದು ಹೋಗಿ ತಾವೇ ಗುಳಿಗೆ ನುಂಗಿಸಿದರು. ಈ ಸಲ ಶುಭಾಂಗಿ ಮೂರು ಬಾರಿ ಕೇಳಿ, ಆಮೇಲೆ ಬಾಯಿ ತೆರೆದಳು: "ಊಟಾ ಹಾಕ್ರಿ, ಗುಳಿಗಿ ತಪ್ಪಸಬ್ಯಾಡ್ರಿ. ಶಕ್ತಿ ವೈರಿ ಅಲ್ಲ. ಅದು ಎಚ್ಚರಾಗೂದು ತಡಾ ಆಗೇತಿ, ಹಿಡತಾ ತಪ್ಪೇತಿ."

"ನಿನ್ನೆ ಒಂದು, ಇವತ್ತ ಒಂದು! ನಿನ್ನ ಬಾಯಾಗ ಎಷ್ಟು ದವಾಖಾನಿ ಅದಾವಬೇ?" ಎಂದು ಗೊಣಗುತ್ತಲೇ ಸೀತವ್ವ ಗಂಜಿ ಕಲಸಿದಳು.

ಆರನೆಯ ದಿನ ಆಕ್ಸಿಜನ್ ತೆಗೆದರು. ದಾನೇಶ್ವರಿ ಶೇಂಗಾ ಚಟ್ನಿ ಬೇಡಿದಳು. ಹೊರಡುವಾಗ ಸೀತವ್ವ ಮತ್ತೆ ಅದನ್ನೇ ಕೇಳಿದಳು: "ಒಂದ ಮನಿ, ಒಂದ ಜಡ್ಡು. ನನ್ನ ಲಗೂನ ಬಿಟ್ಟು ಇಕಿನ್ನ ಯಾಕ ಇಷ್ಟು ಕಾಡಿತು?"

ಶುಭಾಂಗಿ ಕೇತಕಿಯವರನ್ನು ಕೇಳಿ ಬಂದಳು. ಆ ಎರಡು ಗುಳಿಗೆ ತಪ್ಪಿದ್ದರಿಂದ ಎಷ್ಟು ಕೆಡುಕಾಯಿತೆಂಬುದನ್ನೂ ಕೇಳಿದ್ದಳು. ಎರಡಕ್ಕೂ ಸಿಕ್ಕಿದ್ದು ಒಂದೇ ಉತ್ತರ. ಏನೂ ಸೇರಿಸದೆ ಅದನ್ನೇ ಕನ್ನಡದಲ್ಲಿ ಹೇಳಿದಳು:

"ಗೊತ್ತಿಲ್ಲಂತ್ರಿ, ಮಾವಶಿ."