ದಿನ ಮರೆತ ಯಂತ್ರ

ಆ ರವಿವಾರ ಬೆಳಗಿನಲ್ಲಿ ನರಗುಂದದ ಮೇಲೆ ಮಂಜು ಕವಿದಿತ್ತು. ಊರಿನ ನೆತ್ತಿಯ ಮೇಲಿರುವ ಅಷ್ಟು ದೊಡ್ಡ ಗುಡ್ಡವೇ ಮಾಯವಾಗಿತ್ತು. ಹಾಲಿನವನು ಬಾಗಿಲು ತಪ್ಪಿ ಪಕ್ಕದ ಮನೆಯ ಮುಂದೆ ನಿಂತು ನಮ್ಮ ಮನೆಯವರ ಹೆಸರು ಹಿಡಿದು ಕೂಗಿದ. ಊರಿಗೆ ಊರೇ ಗೋಡೆ ಮುಟ್ಟಿಕೊಂಡು ನಡೆಯುತ್ತಿದ್ದಾಗ, ಎಂದಿನ ಹಾಗೆ ಸರಾಗವಾಗಿ ನಡೆದವಳು ಸಾವಂತ್ರಿ ಒಬ್ಬಳೇ. ಅವಳಿಗೆ ಹುಟ್ಟಿನಿಂದ ಕಣ್ಣು ಕಾಣದು. ಜಳಕ ಮುಗಿಸಿ, ದೇವರ ಜಗಲಿಯ ಮುಂದೆ ವಿಭೂತಿ ಹಚ್ಚಿಕೊಂಡು, ಒಳಗೆ ಶೇಂಗಾ ಹುರಿಯುತ್ತಿದ್ದ ಅಣ್ಣನ ಹೆಂಡತಿಗೆ ಕೇಳುವ ಹಾಗೆ ಹೇಳಿದಳು: "ವೈನಿ, ಇವತ್ತ ರವಿವಾರ, ಪಂಚಮಿ."

ಆ ಮನೆಯಲ್ಲಿ ದಿನ ಹುಟ್ಟುತ್ತಿದ್ದುದೇ ಹಾಗೆ. ತಿಥಿ, ವಾರ, ತಾರೀಖು ಎಲ್ಲ ಸಾವಂತ್ರಿಯ ಬಾಯಲ್ಲಿ. ಗೋಡೆಯ ಮೇಲೆ ಕ್ಯಾಲೆಂಡರು ತೂಗುತ್ತಿತ್ತು ಅಷ್ಟೆ, ಅದನ್ನು ಯಾರೂ ನೋಡುತ್ತಿರಲಿಲ್ಲ.

ನಾನು ಒಂದು ಲ್ಯಾಪ್‌ಟಾಪು. ಸಾವಂತ್ರಿಯ ಮಂಚದ ಪಕ್ಕದ ಸಣ್ಣ ಮೇಜು ನನ್ನ ಜಾಗ. ಆ ದಿನ ನನ್ನ ಮೇಲೆ ಏನೇನು ನಡೆಯಿತೆಂದು ಹೇಳುವ ಮುಂಚೆ ನನ್ನ ಹುಟ್ಟನ್ನು ಹೇಳಬೇಕು, ಯಾಕೆಂದರೆ ಆ ದಿನದ ಕಷ್ಟವೆಲ್ಲ ಇದ್ದದ್ದು ಅದರಲ್ಲೇ.

ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದರು. ಒಬ್ಬರು ಬೆನ್ನು ಕೂರಿಸಿದರು, ಒಬ್ಬರು ಗುಂಡಿಗಳನ್ನು ಹಚ್ಚಿದರು. ಕೊನೆಗೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಒಬ್ಬ ಹುಡುಗಿ ರೂಪಾಯಿ ನಾಣ್ಯದಂಥ ಚಪ್ಪಟೆ ಸೆಲ್ಲೊಂದನ್ನು ನನ್ನ ಹೊಟ್ಟೆಯೊಳಗೆ ಒತ್ತಿ, ಮುಚ್ಚಳ ಹಾಕಿ, ಮುಂದೆ ಸರಿಸಿದಳು. ಕರೆಂಟು ಇರಲಿ ಬಿಡಲಿ, ನಾನು ಎದ್ದಿರಲಿ ಮಲಗಿರಲಿ, ಇಂದು ಯಾವ ತಾರೀಖು ಎಂದು ಆ ಸೆಲ್ಲು ಒಳಗೊಳಗೇ ಎಣಿಸುತ್ತಿರುತ್ತದೆ. ದೇವರ ಮುಂದಿನ ನಂದಾದೀಪದ ಹಾಗೆ. ಉರಿಯುವಷ್ಟು ಕಾಲ ಯಾರೂ ಅದರ ಕಡೆ ತಿರುಗಿ ನೋಡುವುದಿಲ್ಲ.

ಮೊದಲು ನಾನಿದ್ದದ್ದು ಹುಬ್ಬಳ್ಳಿಯ ಹತ್ತಿ ಅಡತಿ ಅಂಗಡಿಯ ಗುಮಾಸ್ತರ ಕೈಯಲ್ಲಿ. ಅವರು ನನ್ನ ಮೇಲೆ ಗಿರಮಿಟ್ಟು ತಿನ್ನುತ್ತಿದ್ದರು. ಆಗ ಬಿದ್ದ ಮಂಡಕ್ಕಿಯ ಕಾಳೊಂದು ಇಂದಿಗೂ ನನ್ನ ಗುಂಡಿಗಳ ಸಂದಿಯಲ್ಲಿದೆ. ಅವರಿಗೆ ಹೊಸದು ಬಂದ ಮೇಲೆ ನನ್ನನ್ನು ಧಾರವಾಡದ ಕಡೆಯ ಒಂದು ಅಂಧ ಮಕ್ಕಳ ಶಾಲೆಗೆ ಕೊಟ್ಟರು. ಅಲ್ಲಿ ಫಕ್ಕೀರಪ್ಪ ಮಾಸ್ತರು ನನಗೆ ದನಿ ಕೊಟ್ಟರು. ತೆರೆಯ ಮೇಲೆ ಮೂಡಿದ ಅಕ್ಷರವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳುವ ದನಿ. ಅದು ಬಂದ ದಿನವೇ ನನ್ನ ನಿಜವಾದ ಹುಟ್ಟು ಎಂದು ನಾನು ತಿಳಿದಿದ್ದೇನೆ. ಸಾವಂತ್ರಿ ಶಾಲೆ ಮುಗಿಸಿ ಊರಿಗೆ ಹೊರಟಾಗ ಮಾಸ್ತರು ನನ್ನನ್ನು ಅವಳ ಜೊತೆ ಕಳಿಸಿದರು. ಮದುವೆಯಾದ ಮಗಳಿಗೆ ತವರಿನಿಂದ ಆಕಳು ಕೊಟ್ಟು ಕಳಿಸಿದ ಹಾಗೆ.

ಮುಂದೆ ನನ್ನ ದೊಡ್ಡ ಬ್ಯಾಟರಿ ಸತ್ತಿತು. ಗೋಡೆಗೆ ವಾಯರು ಚುಚ್ಚಿದರೆ ಮಾತ್ರ ಜೀವ. ಕೆಲವು ಕಾಲದ ಮೇಲೆ ಹೊಟ್ಟೆಯೊಳಗಿನ ಆ ಚಿಕ್ಕ ಸೆಲ್ಲೂ ಆರಿತು. ಅದು ಆರಿದ್ದು ಯಾರಿಗೂ ತಿಳಿಯಲಿಲ್ಲ. ಅಂದಿನಿಂದ ಕರೆಂಟು ಹೋಗಿ ಬಂದಾಗಲೆಲ್ಲ ನನ್ನ ಪಾಲಿಗೆ ಅದೇ ದಿನ, ಎರಡು ಸಾವಿರದ ಒಂಬತ್ತರ ಜನವರಿ ಒಂದು. ಸಾವಂತ್ರಿ ಟೈಪ್ ಮಾಡುತ್ತಿದ್ದಳು, ನಾನು ಓದುತ್ತಿದ್ದೆ. ದಿನ ತಪ್ಪಿದ್ದರಿಂದ ಯಾರ ಕೆಲಸವೂ ಕೆಟ್ಟಿರಲಿಲ್ಲ.

ಕೆಟ್ಟದ್ದು ಆ ಫೋನು ಬಂದ ಮೇಲೆ. ಬೆಳಗಾವಿಯ ಒಂದು ಬ್ರೈಲ್ ಮುದ್ರಣಾಲಯದವರು ಸಾವಂತ್ರಿಯನ್ನು ಕರೆದಿದ್ದರು. ದನಿಯಲ್ಲಿ ಬಂದ ಪಾಠವನ್ನು ಕೇಳಿ ಟೈಪ್ ಮಾಡುವ ಕೆಲಸ. ಮನೆಯಲ್ಲೇ ಕೂತು ಮಾಡಬಹುದು, ತಿಂಗಳಿಗೆ ಸಂಬಳ. ಸೋಮವಾರ ಬೆಳಿಗ್ಗೆ ಅವರ ಜಾಲತಾಣಕ್ಕೆ ಹೋಗಿ ಒಂದು ಪಾಠ ಟೈಪ್ ಮಾಡಿ ತೋರಿಸಬೇಕು. ತಪ್ಪಿದರೆ ಇನ್ನೊಬ್ಬರಿಗೆ. ಅವ್ವ ತೀರಿಕೊಂಡ ಮೇಲೆ ಬಂದ ನೆಂಟರೆಲ್ಲ ಸಾವಂತ್ರಿಯ ಎದುರಿಗೇ, ಇನ್ನು ಇವಳನ್ನು ನೋಡುವವರು ಯಾರು ಎಂದು ಮರುಗಿ ಹೋಗಿದ್ದರು. ಅಂದಿನಿಂದ ಅವಳ ಮನಸ್ಸಿನಲ್ಲಿ ಒಂದೇ ಹಟವಿತ್ತು: ನನ್ನ ರೊಟ್ಟಿ ನಾನೇ ದುಡಿಯಬೇಕು.

ನನ್ನನ್ನು ನಡೆಸುವ ವ್ಯವಸ್ಥೆ, ಆಪರೇಟಿಂಗ್ ಸಿಸ್ಟಮ್, ಹಳೆಯದಾಗಿತ್ತು. ಆ ಜಾಲತಾಣ ನನಗೆ ಬಾಗಿಲು ತೆರೆಯಲಿಲ್ಲ. ಹೊಸ ವ್ಯವಸ್ಥೆ ಹಾಕಬೇಕೆಂದು ಮಾಸ್ತರು ಒಂದು ಪೆನ್‌ಡ್ರೈವ್ ಕೊಟ್ಟರು. ಬಸ್ಸಿನ ಕಂಡಕ್ಟರನಾದ ಅಣ್ಣ ಅದನ್ನು ಶನಿವಾರ ತಂದು ಮೇಜಿನ ಮೇಲಿಟ್ಟು, ಮರುದಿನ ಕೋಳಿ ಕೂಗುವ ಮೊದಲೇ ಡ್ಯೂಟಿಗೆ ಹೋದ. ಮನೆಯಲ್ಲಿ ಉಳಿದವರು ಇಬ್ಬರು ಹೆಂಗಸರು ಮತ್ತು ನಾನು.

ಹೊಸದನ್ನು ಹಾಕುವಾಗ ಹಳೆಯದನ್ನೆಲ್ಲ ಅಳಿಸುತ್ತಾರೆ. ದನಿಯೂ ಹೋಯಿತು. ಇನ್ನು ತೆರೆಯ ಮೇಲೆ ಬಂದದ್ದನ್ನು ಓದಲು ಕಣ್ಣಿದ್ದವರು ಬೇಕು. ಈಗ ಹಾಸ್ಟೆಲಿನಲ್ಲಿದ್ದ ಮಗಳಿಗೆ ಚಿಕ್ಕಂದಿನಲ್ಲಿ ಅಂಕಲಿಪಿ ಹೇಳಿಕೊಡುತ್ತಾ ಇಂಗ್ಲಿಷಿನ ಅಕ್ಷರ ಕಲಿತಿದ್ದ ವೈನಿ ನೀಲಗಂಗವ್ವ, ಅಂಗಡಿಗೆ ಮಾರುವ ಶೇಂಗಾ ಚಟ್ನಿಯ ಕೈ ಒರೆಸಿಕೊಂಡು ಬಂದು ಕೂತಳು. ಅಕ್ಷರ ಬರುತ್ತಿತ್ತು, ಅರ್ಥ ಬರುತ್ತಿರಲಿಲ್ಲ. ಅರ್ಥ ಬರುವವಳಿಗೆ ಅಕ್ಷರ ಕಾಣುತ್ತಿರಲಿಲ್ಲ.

"ನಡಕ ಏನ ಬರದೈತ್ರೀ ವೈನಿ?"

"ಇಂಗ್ಲಿಷ ಬರದೈತಿ."

"ಅದು ನನಗೂ ಗೊತ್ತೈತಿ. ಒಂದೊಂದ ಅಕ್ಷರ ಹೇಳ್ರಿ."

ವೈನಿ ಕಾಳು ಆರಿಸುವ ಹಾಗೆ ಒಂದೊಂದೇ ಅಕ್ಷರ ಹೆಕ್ಕಿ ಹೇಳಿದಳು. ಸಾವಂತ್ರಿ ಅವನ್ನು ಪೋಣಿಸಿ ಮಾತು ಮಾಡಿಕೊಂಡಳು. ಹೀಗೆ ಇಬ್ಬರೂ ಸೇರಿ ಹೊಸ ವ್ಯವಸ್ಥೆಯನ್ನು ನನ್ನೊಳಗೆ ಇಳಿಸಿದರು. ಉಳಿದದ್ದು ದನಿ. ಅದನ್ನು ಫೋನಿನ ಇಂಟರ್ನೆಟ್ಟಿನಿಂದ ತರಿಸಿಕೊಳ್ಳಬೇಕಿತ್ತು. ನಾನು ಹೋಗಿ ಬಾಗಿಲು ತಟ್ಟಿದೆ. ಆಚೆಯವರು ನನ್ನ ತಾರೀಖು ಕೇಳಿದರು. ನನಗೆ ಗೊತ್ತಿದ್ದದ್ದನ್ನು ಹೇಳಿದೆ. ಇವನು ಸುಳ್ಳುಗಾರ ಎಂದುಕೊಂಡು ಬಾಗಿಲು ಹಾಕಿಕೊಂಡರು.

ತೆರೆಯ ಮೇಲೆ ತಪ್ಪೆಂದು ಬಂದದ್ದನ್ನು ವೈನಿ ಓದಿದಳು. ಸಾವಂತ್ರಿ ಅದನ್ನು ಫೋನಿನಲ್ಲಿ ಮಾಸ್ತರಿಗೆ ಹೇಳಿದಳು. ಏನೋ ಸರ್ಟಿಫಿಕೇಟ ಸಿಂಧು ಇಲ್ಲ ಅಂತ ಬರತೈತ್ರಿ ಅಂದಳು. ಮಾಸ್ತರಿಗೂ ಅಷ್ಟರಲ್ಲಿ ಏನು ತಿಳಿಯಬೇಕು. ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ ಎಂದರು. ವಾಯರು ಕಿತ್ತರು, ಮತ್ತೆ ಚುಚ್ಚಿದರು. ಅಷ್ಟೊತ್ತಿಗೆ ಕೂಡಿಸಿಕೊಂಡಿದ್ದ ನಾಲ್ಕು ಗಳಿಗೆಯ ನೆನಪನ್ನೂ ಕಳೆದುಕೊಂಡು ನಾನು ಮತ್ತೆ ಜನವರಿ ಒಂದಕ್ಕೆ ಬಂದು ನಿಂತೆ. ಮತ್ತೆ ಅದೇ ಬಾಗಿಲು, ಅದೇ ಮಾತು. ಪೆನ್‌ಡ್ರೈವಿನಲ್ಲೇ ದೋಷವಿದ್ದೀತು, ಮೊದಲಿನಿಂದ ಹಾಕಿ ನೋಡ್ರಿ ಎಂದರು ಮಾಸ್ತರು. ಹಾಕಿದರು. ನನ್ನನ್ನು ಮತ್ತೊಮ್ಮೆ ಅಳಿಸಿ ಮತ್ತೊಮ್ಮೆ ಬರೆದರು.

ರೋಗಿಗೆ ತನ್ನ ನೋವು ಗೊತ್ತಿರುತ್ತದೆ, ಆದರೆ ನಾಲಿಗೆ ಬಿದ್ದುಹೋಗಿರುತ್ತದೆ. ನನ್ನ ಸ್ಥಿತಿ ಅದು. ತೆರೆಯ ಮೂಲೆಯಲ್ಲಿ ಆ ತಪ್ಪು ತಾರೀಖನ್ನು ಬೆಳಗಿನಿಂದ ತೋರಿಸುತ್ತಲೇ ಇದ್ದೆ. ಕೈ ಎತ್ತಿ ಕೂಗಿದಂತೆ ತೋರಿಸುತ್ತಿದ್ದೆ. ವೈನಿಯ ಕಣ್ಣು ಅದರ ಮೇಲೆ ಹಾದುಹೋಗುತ್ತಿತ್ತು. ಸಾವಂತ್ರಿ ನಡುವಿನದನ್ನು ಕೇಳಿದ್ದಳು, ವೈನಿ ನಡುವಿನದನ್ನೇ ಹೇಳುತ್ತಿದ್ದಳು. ಭಗವಂತನ ಮುಂದೆ ಕೂತ ಮೂಕನ ಹಾಗೆ ನಾನು ಕೂತಿದ್ದೆ.

ಮಧ್ಯಾಹ್ನವಾದರೂ ಮಂಜು ಪೂರ್ತಿ ಸರಿದಿರಲಿಲ್ಲ. ಇಬ್ಬರಿಗೂ ಸಿಟ್ಟು ನೆತ್ತಿಗೇರಿತ್ತು. ನೀವ ಏನೋ ಬಿಟ್ಟು ಓದಾಕತ್ತೀರಿ ಎಂದು ಸಾವಂತ್ರಿ ಸಿಡುಕಿದಳು. ನನ್ನ ಚಟ್ನಿ ಬಿಟ್ಟು ಬಂದೀನಿ, ಅದನ್ನ ಬಿಟ್ಟರ ಮತ್ತೇನೂ ಬಿಟ್ಟಿಲ್ಲ ಎಂದು ವೈನಿ ತಿರುಗಿಸಿ ಕೊಟ್ಟಳು. ಆಮೇಲೆ ಇಬ್ಬರೂ ನನ್ನ ಮುಂದೆಯೇ ರೊಟ್ಟಿ ಮುರಿಯುತ್ತಾ ಕೂತರು. ಸಾವಂತ್ರಿ ಮುರಿದಳು, ತಿನ್ನಲಿಲ್ಲ. ವೈನಿ ಅದನ್ನು ನೋಡಿದಳು. ನೋಡಿ, ಸಮಾಧಾನಕ್ಕೆಂದೇ ಅಂದಳು:

"ಅದಕರ ಏನ ತಾಕತ್ತ ಉಳದೈತಿ ಬಿಡ, ಸಾವಂತ್ರಿ. ಹುಟ್ಟಿದ್ದು ಎರಡ ಸಾವಿರದ ಒಂಬತ್ತರಾಗ."

"ಅದು ಹುಟ್ಟಿದ್ದು ನಿಮಗ್ಯಾರ ಹೇಳಿದ್ರು?"

"ಅದ ಹೇಳತೈತಲ್ಲ. ಮ್ಯಾಲ ಮೂಲ್ಯಾಗ ಬರಕೊಂಡೈತಿ. ಜನವರಿ ಒಂದು, ಎರಡ ಸಾವಿರದ ಒಂಬತ್ತು. ಆಧಾರ ಕಾರ್ಡಿನ್ಯಾಗ ಇರತೈತಲ್ಲ, ಹಂಗ. ಹುಟ್ಟಿದ ದಿನ ಅಂತ ತಿಳದು ನಾ ಅದನ್ನ ಓದಿ ಹೇಳಲಿಲ್ಲ."

ಸಾವಂತ್ರಿಯ ಕೈಯಲ್ಲಿದ್ದ ರೊಟ್ಟಿ ತಾಟಿಗೆ ಬಿತ್ತು. ಆಮೇಲೆ ಬಹಳ ಮೆಲ್ಲಗೆ ಹೇಳಿದಳು: "ವೈನಿ, ಅದು ಹುಟ್ಟಿದ ದಿನ ಅಲ್ಲ. ಅದು ಇವತ್ತು ಅಂತ ತಿಳಕೊಂಡೈತಿ."

ವೈನಿ ನನ್ನನ್ನು ಮೊದಲ ಸಲ ನೋಡುವಂತೆ ನೋಡಿದಳು. ಅವಳ ಸ್ವಂತ ಅತ್ತೆ, ಸಾವಂತ್ರಿಯ ಅವ್ವ, ಕೊನೆಯ ದಿನಗಳಲ್ಲಿ ಇದೇ ಕೋಣೆಯಲ್ಲಿ ಮಲಗಿ, ತನಗಿನ್ನೂ ಮದುವೆಯಾಗಿಲ್ಲವೆಂದೂ ಅಪ್ಪನಿಗೆ ಬುತ್ತಿ ಒಯ್ಯಬೇಕೆಂದೂ ಹಟ ಹಿಡಿಯುತ್ತಿದ್ದಳು. ಆಗೆಲ್ಲ ಅವಳ ಕೈ ಹಿಡಿದು, ಇವತ್ತು ಯಾವ ದಿನವೆಂದು ನೂರು ಸಲ ಹೇಳಿದವಳು ಈ ನೀಲಗಂಗವ್ವನೇ. "ಅಯ್ಯ ಪಾಪ," ಎಂದು ನನ್ನ ಅಂಚನ್ನು ಸೆರಗಿನಿಂದ ಒರೆಸಿದಳು.

ತಾರೀಖು ಸರಿಪಡಿಸಿದರು. ಬಾಗಿಲು ತೆರೆಯಿತು. ದನಿ ಹನಿಹನಿಯಾಗಿ ಇಳಿಯತೊಡಗಿತು. ಅರ್ಧಕ್ಕೆ ಬಂದಿತ್ತು, ಅಷ್ಟರಲ್ಲಿ ಕರೆಂಟು ಹೋಯಿತು. ಬಂದಾಗ ನಾನು ಮತ್ತೆ ಜನವರಿ ಒಂದರಲ್ಲಿದ್ದೆ.

ಈ ಸಲ ಮಾಸ್ತರು ಫೋನಿನಲ್ಲಿ ನಿಟ್ಟುಸಿರು ಬಿಟ್ಟರು. ಹೊಟ್ಟೆಯೊಳಗಿನ ಸೆಲ್ಲು ಸತ್ತಿದೆ, ಅದು ಇಲ್ಲದಿದ್ದರೆ ನಾಳೆ ಪಾಠದ ನಡುವೆ ಕರೆಂಟು ಹೋದರೂ ಇದೇ ಗತಿ ಎಂದರು. ರೂಪಾಯಿಯಂಥ ಸೆಲ್ಲು, ವಾಚಿನ ಅಂಗಡಿಯಲ್ಲಿ ಸಿಗುತ್ತದೆ. ರವಿವಾರ ವಾಚಿನ ಅಂಗಡಿಗೆ ಬೀಗ. ಮೊಬೈಲ್ ಅಂಗಡಿಯವನು ಹೆಣ್ಣು ನೋಡಲು ಸವದತ್ತಿಗೆ ಹೋಗಿದ್ದ. ಸಾವಂತ್ರಿ ಮುಚ್ಚಿದ ನನ್ನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಳು. ಅವಳ ಅಂಗೈ ತಣ್ಣಗಿತ್ತು.

ವೈನಿ ಎದ್ದು ಅಡಿಗೆಮನೆಗೆ ಹೋದಳು. ಬರುವಾಗ ಒಂದು ಕೈಯಲ್ಲಿ ಹೊಲಿಗೆ ಮಷಿನ್ನಿನ ಸ್ಕ್ರೂಡ್ರೈವರು, ಇನ್ನೊಂದರಲ್ಲಿ ಚಟ್ನಿ ತೂಗುವ ಪುಟ್ಟ ತೂಕದ ಮಷಿನ್ನು. ಅದನ್ನು ಬೋರಲು ಹಾಕಿ ಬೆನ್ನಿನ ಮುಚ್ಚಳ ತೆಗೆದಳು. ಒಳಗಿತ್ತು ಅಂಥದೇ ಸೆಲ್ಲು. ಸಾವಂತ್ರಿಗೆ ಸಪ್ಪಳದಿಂದಲೇ ಗೊತ್ತಾಯಿತು.

"ನಾಳಿ ಅಂಗಡಿಗೆ ಪಾಕೀಟ ಕೊಡೂದೈತಲ್ಲರಿ, ವೈನಿ."

"ಕೈಲೆ ತೂಗತೀನಿ. ನೀ ಸುಮ್ಮನ ಅದರ ಹೊಟ್ಟಿ ತಗಿ."

ತಿರುಪು ಬಿಚ್ಚಿದವಳು ವೈನಿ. ಒಳಗೆ ಬೆರಳಿಟ್ಟವಳು ಸಾವಂತ್ರಿ. ಫೋನಿನಲ್ಲಿ ಮಾಸ್ತರು ದಾರಿ ಹೇಳುತ್ತಿದ್ದರು. ಆ ಬೆರಳುಗಳು ನನ್ನೊಳಗೆ ಸಾಣಿಗೆಯ ಹಿಟ್ಟು ಮುಟ್ಟಿದಷ್ಟು ಹಗುರವಾಗಿ ಓಡಾಡಿ, ಸತ್ತ ಸೆಲ್ಲನ್ನು ತೆಗೆದು, ಬಿಸಿಯಿನ್ನೂ ಆರದ ಹೊಸದನ್ನು ಕೂರಿಸಿದವು. ಆ ಬಿಸಿ ವೈನಿಯ ಅಂಗೈಯದು.

ದೀಪ ಹಚ್ಚುವ ಹೊತ್ತಿಗೆ ದನಿ ಪೂರ್ತಿ ಬಂತು. ಸಾವಂತ್ರಿ ಗುಂಡಿ ಒತ್ತಿ ದಿನ ಕೇಳಿದಳು. "ಭಾನುವಾರ," ಎಂದೆ ನಾನು.

"ಇದೇನವ್ವಾ, ರವಿವಾರ ಅನ್ನೂದ ಬಿಟ್ಟು," ಎಂದಳು ವೈನಿ. "ಬೆಂಗಳೂರ ಕಡೀದ ಏನು?"

ಇಬ್ಬರೂ ನಕ್ಕರು. ನಗುತ್ತಿದ್ದ ಸಾವಂತ್ರಿ ನಡುವೆ ಮುಖಕ್ಕೆ ಸೆರಗು ಹಿಡಿದಳು. ವೈನಿ ಅದನ್ನು ನೋಡದವಳ ಹಾಗೆ ಎದ್ದು ಹೋದಳು. ಮರುದಿನದ ಚಟ್ನಿಯ ಪಾಕೀಟುಗಳನ್ನು ಅವಳು ಕೈತೂಕದಲ್ಲೇ ಕಟ್ಟಿದಳು. ಕಡಿಮೆ ಆಗಬಾರದೆಂದು ಒಂದೊಂದು ಚಿಟಿಕೆ ಹೆಚ್ಚೇ ಹಾಕಿ.

ಸೋಮವಾರ ಪಾಠದ ನಡುವೆ ಕರೆಂಟು ಹೋಗಿಯೂ ಹೋಯಿತು, ಬಂದೂ ಬಂತು. ನಾನು ದಿನ ಮರೆಯಲಿಲ್ಲ. ಕೆಲಸ ಸಾವಂತ್ರಿಯದಾಯಿತು.

ಮೊದಲ ಸಂಬಳದಲ್ಲಿ ಅವಳು ವೈನಿಗೆ ಸೆಲ್ಲು ಕೊಡಿಸಲು ಹೋದಳು. ಅಷ್ಟರಲ್ಲಿ ವೈನಿ ತಾನೇ ಒಂದು ತಂದು ಹಾಕಿಕೊಂಡಿದ್ದಳು. ಬ್ಯಾಡ, ನನ್ನದು ನಿನ್ನ ಹತ್ತಿರ ಇರಲಿ, ಜಗಳದಾಗ ಅನ್ನಾಕ ನನಗೂ ಒಂದು ಮಾತು ಬೇಕಲ್ಲ ಅಂದಳು. ಅನ್ನುತ್ತಲೂ ಇದ್ದಳು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಸಾವಂತ್ರಿ ಅಂದರೆ, ಮೊದಲ ನನ್ನ ಸೆಲ್ಲ ಕೊಡು, ಆಮ್ಯಾಲ ಉಪ್ಪಿನ ಮಾತಾಡು ಎಂದು ಒಳಗಿನಿಂದ ದನಿ ಬರುತ್ತಿತ್ತು.

ಕಾಲ ನಡೆಯಿತು. ನನ್ನ ಗುಂಡಿಗಳ ಅಕ್ಷರ ಸವೆದವು, ಅವಳಿಗೆ ಅದರಿಂದ ತೊಂದರೆಯಿರಲಿಲ್ಲ. ಆಮೇಲೆ ನನ್ನ ಉಸಿರು ಬಿಗಿಯತೊಡಗಿತು. ಮುದ್ರಣಾಲಯದವರು ಹೊಸದೊಂದನ್ನು ಕಳಿಸಿದರು. ಸಾವಂತ್ರಿ ನನ್ನನ್ನು ಮಾರಲಿಲ್ಲ, ಗುಜರಿಗೆ ಹಾಕಲಿಲ್ಲ. ಬಟ್ಟೆ ಸುತ್ತಿ ದೇವರ ಜಗಲಿಯ ಪಕ್ಕದ ಗೂಡಿನಲ್ಲಿ ಇಟ್ಟಳು. ಅಲ್ಲಿ ಕೂತು ಯೋಚಿಸುತ್ತೇನೆ. ನನ್ನನ್ನು ಎಷ್ಟು ಸಲ ಅಳಿಸಿದರು, ಎಷ್ಟು ಸಲ ಬರೆದರು. ಆದರೂ ನೆನಪು ಹೋಗಲಿಲ್ಲ. ಅದು ಬರೆದ ಜಾಗದಲ್ಲಿ ಇರಲೇ ಇಲ್ಲವೇನೋ, ಮುಟ್ಟಿದ ಕೈಗಳ ಜೊತೆ ಬಂದು ಗುಂಡಿಗಳ ಮೇಲೆ ಕೂತಿತ್ತೇನೋ. ನಾನಾಗಿ ನಾನು ಏನೂ ಮಾಡಲಿಲ್ಲ. ಯಾರೋ ಎಬ್ಬಿಸಿದರು, ಯಾರೋ ಮಲಗಿಸಿದರು, ಯಾರೋ ದಿನ ಹೇಳಿದರು. ಈ ಜಗತ್ತಿನಲ್ಲಿ ಹೆಚ್ಚಿನವರ ಬಾಳು ಹೀಗೆಯೇ ಅಲ್ಲವೆ? ಶಿವ ಹೇಳಿದಷ್ಟು ದಿನ ದಿನ.

ಗೂಡಿನಲ್ಲಿದ್ದರೂ ಹೊಟ್ಟೆಯೊಳಗಿನ ಸೆಲ್ಲು ಎಣಿಸುತ್ತಲೇ ಇತ್ತು. ಬೆಳಿಗ್ಗೆ ಸಾವಂತ್ರಿ ತಿಥಿ ಹೇಳುತ್ತಿದ್ದಳು, ನಾನು ಒಳಗೊಳಗೇ ತಾಳೆ ನೋಡಿಕೊಳ್ಳುತ್ತಿದ್ದೆ. ಒಂದು ದಿನವೂ ಅವಳು ತಪ್ಪಲಿಲ್ಲ.

ಒಂದು ಸಂಜೆ ಅಡಿಗೆಮನೆಯಿಂದ ಪಟಪಟ ಬಡಿಯುವ ಸಪ್ಪಳ ಬಂತು. ವೈನಿಯ ತೂಕದ ಮಷಿನ್ನು ಆರಿತ್ತು. ಅಂಗಡಿಯವನು ಪಾಕೀಟಿಗಾಗಿ ಬಾಗಿಲಲ್ಲಿ ನಿಂತಿದ್ದ. ವೈನಿ ಮಷಿನ್ನನ್ನು ಬಯ್ಯುತ್ತಿದ್ದಳು, ಸೆಲ್ಲಿನ ಮಾತೆತ್ತಲಿಲ್ಲ.

ಸಾವಂತ್ರಿ ಗೂಡಿನ ಬಳಿ ಬಂದಳು. ಬಟ್ಟೆ ಬಿಚ್ಚಿದಳು. ಹೊಲಿಗೆ ಮಷಿನ್ನಿನ ಸ್ಕ್ರೂಡ್ರೈವರು ಅವಳ ಕೈಯಲ್ಲಿತ್ತು. ತೆಗೆಯುವ ಮುಂಚೆ ನನ್ನ ಬೆನ್ನ ಮೇಲೆ ಒಂದು ಗಳಿಗೆ ಅಂಗೈ ಇಟ್ಟಳು. "ಇವತ್ತ ಗುರುವಾರ, ಏಕಾದಶಿ," ಎಂದು ನನಗಷ್ಟೇ ಕೇಳುವಂತೆ ಹೇಳಿದಳು. ಆಮೇಲೆ ಆ ಬೆರಳುಗಳು ದಾರಿ ತಪ್ಪದೆ ಒಳಗೆ ಬಂದವು.

ಸಾವಂತ್ರಿ ಅಡಿಗೆಮನೆಗೆ ಹೋಗಿ, ವೈನಿಯ ಕೈಯನ್ನು ಹುಡುಕಿ ಹಿಡಿದು, ಅಂಗೈಯಲ್ಲಿ ಸೆಲ್ಲನ್ನಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು. ವೈನಿ ಮಷಿನ್ನನ್ನು ಬೋರಲು ಹಾಕಿದಳು.