ಮಿಷನ್ ಕಾಲಡಿಯ ಪುಸ್ತಕ

ಟೈಲರಮ್ಮನ ಹೊಲಿಗೆ ಮಿಷನ್ ಕುಂಟುತ್ತದೆ ಅನ್ನುವುದು ಬೀದಿಗೆಲ್ಲ ಗೊತ್ತಿದ್ದ ಸಂಗತಿ. ನಾಲ್ಕು ಕಾಲಲ್ಲಿ ಒಂದು ಗಿಡ್ಡ. ಪೆಡಲ್ ತುಳಿದಾಗಲೆಲ್ಲ ಅದು ಟಕ್ ಟಕ್ ಎಂದು ನೆಲ ಕುಟ್ಟುತ್ತಿತ್ತು. ಎದುರು ಮನೆಯವರು ಆ ಸದ್ದು ಕೇಳಿಯೇ ಹಾಸಿಗೆ ಬಿಟ್ಟೇಳುತ್ತಿದ್ದರು. ಈಗ ಕೆಲವು ದಿನಗಳಿಂದ ಸದ್ದಿಲ್ಲ. ಮಿಷನ್ ಬಂಡೆಯ ಹಾಗೆ ನಿಂತಿತ್ತು, ಹೊಲಿಗೆ ಗೆರೆ ಎಳೆದ ಹಾಗೆ ಬರುತ್ತಿತ್ತು.

"ನೋಡಿದ್ರಾ ಅತ್ತೆ, ಹಳೇ ಮಿಷನ್ನಿಗೂ ಬುದ್ಧಿ ಬಂತು," ಎಂದಳು ಟೈಲರಮ್ಮ.

ಅತ್ತೆ ಬಾಗಿಲ ಬೆಳಕಿನಲ್ಲಿ ಕೂತು ಅಂಗಿಗೆ ಗುಂಡಿ ಹಚ್ಚುತ್ತಿದ್ದರು. "ಮನುಷ್ಯರಿಗೇ ಬರೋದು ಕಷ್ಟ, ಮಿಷನ್ನಿಗೆ ಬರುತ್ತಾ? ಬಗ್ಗಿ ನೋಡು, ಏನೋ ಇರುತ್ತೆ."

ಟೈಲರಮ್ಮ ಬಗ್ಗಲಿಲ್ಲ. ಆದರೆ ಸ್ವಲ್ಪ ಹೊತ್ತಿಗೆ ಗುರುತು ಹಾಕುವ ಸೀಮೆಸುಣ್ಣ ಕೈಜಾರಿ ಮಿಷನ್ ಕೆಳಗೆ ಉರುಳಿತು. ಆಗ ಬಗ್ಗಲೇಬೇಕಾಯಿತು. ಗಿಡ್ಡ ಕಾಲಿನ ಕೆಳಗೆ, ಚಿಂದಿ ಬಟ್ಟೆಗಳ ಮರೆಯಲ್ಲಿ, ಹೊನ್ನಿನ ಬಣ್ಣದ ಅಕ್ಷರಗಳ ಒಂದು ದಪ್ಪ ಪುಸ್ತಕ ಮಲಗಿತ್ತು.

ಮಗಳು ಒಂದನೇ ತರಗತಿಗೆ ಸೇರಿದಾಗ ಟೈಲರಮ್ಮ ತಾನೇ ಹೋಗಿ ತಂದ ಪುಸ್ತಕ ಅದು. "ಮಗು ಯಾವ ಕ್ಲಾಸು?" ಎಂದು ಅಂಗಡಿಯವನು ಕೇಳಿದ್ದ. "ಒಂದನೇದು. ನೀವು ನಾಲ್ಕನೇದರದ್ದು ಕೊಡಿ," ಎಂದಿದ್ದಳು. ಅಂದಿನಿಂದ ದಿನಾ ಸಂಜೆ ಮಗಳನ್ನು ಕೂರಿಸಿ, ಒಂದು ಪುಟ ಮುಗಿಯುವ ತನಕ ಏಳಲು ಬಿಡುತ್ತಿರಲಿಲ್ಲ. ಪುಟ ಮುಗಿಯುತ್ತಿರಲಿಲ್ಲ. ಕಣ್ಣೀರು ಮುಗಿಯುತ್ತಿತ್ತು. ಕಳೆದ ವಾರ ಪುಸ್ತಕವೇ ಕಾಣೆಯಾಗಿತ್ತು.

"ಬಾಬಿನ್!"

ಮಗಳ ಹೆಸರು ಬೇರೆ. ಮಿಷನ್ನಿನೊಳಗಿನ ದಾರದ ಉರುಳೆಯ ಹಾಗೆ ಒಂದು ಕಡೆ ನಿಲ್ಲದೆ ಗಿರಗಿರ ತಿರುಗುತ್ತಿದ್ದುದರಿಂದ ಅಜ್ಜಿ ಇಟ್ಟ ಹೆಸರು ಬಾಬಿನ್. ಆರು ವರ್ಷದ ಆ ಹುಡುಗಿ ಒಳಗಿನಿಂದ ಓಡಿ ಬಂದು, ಅಮ್ಮನ ಕೈಯಲ್ಲಿದ್ದುದನ್ನು ಕಂಡು ಗಕ್ಕನೆ ನಿಂತಳು.

"ಏನೇ ಇದು?"

"ಮಿಷನ್ ಅಲ್ಲಾಡ್ತಿತ್ತಲ್ಲಮ್ಮ."

"ಅದಕ್ಕೆ ಪುಸ್ತಕಾನೇ ಬೇಕಿತ್ತಾ?"

"ಅದೇ ಸರಿಯಾದ ದಪ್ಪ ಇತ್ತು."

ಅತ್ತೆ ಬಾಯಲ್ಲಿದ್ದ ದಾರ ಉಗುಳಿ ನಕ್ಕರು. ಟೈಲರಮ್ಮನಿಗೆ ನಗು ಬರಲಿಲ್ಲ. "ಓದೋದು ಬಿಟ್ಟು ಮಿಷನ್ನಿಗೆ ಚಪ್ಪಲಿ ಮಾಡಿದೀಯಲ್ಲ! ನಿನಗೇನಾಗಿದೆ?"

"ನಂಗೆ ಓದೋಕೆ ಬರಲ್ಲ. ನಾನು ದಡ್ಡಿ," ಎಂದಳು ಬಾಬಿನ್. ಅಳದೆ, ಬೇಸರವೂ ಇಲ್ಲದೆ, ನನಗೆ ಆರು ವರ್ಷ ಅಂದಷ್ಟೇ ಸಲೀಸಾಗಿ ಹೇಳಿಬಿಟ್ಟಳು.

ಟೈಲರಮ್ಮ ಪುಸ್ತಕವನ್ನು ಮಿಷನ್ ಮೇಲಿಟ್ಟಳು. ಶಾಲೆಯ ಟೀಚರ್ ಹೇಳಿದ್ದು ನೆನಪಾಯಿತು: 'ಮೊದಮೊದಲು ಬೋರ್ಡ್ ಕಂಡಲ್ಲೆಲ್ಲ ಓದೋಳು. ಈಗ ಅವಳ ಸರದಿ ಬಂದರೆ ತುಟಿ ಬಿಚ್ಚಲ್ಲ.' ಅತ್ತು ರಂಪ ಮಾಡಿದ್ದರೆ ಸಮಾಧಾನ ಮಾಡಬಹುದಿತ್ತು. ದಡ್ಡಿ ಎಂದು ತಾನೇ ತೀರ್ಮಾನ ಮಾಡಿಕೊಂಡವಳಿಗೆ ಏನು ಹೇಳುವುದು?

ಅಷ್ಟರಲ್ಲಿ ಗಿರಾಕಿಗಳು ಬಂದರು. ಒಬ್ಬಳು ಬೇಕರಿಯವನ ಹೆಂಡತಿ, ಕಂಕುಳಲ್ಲಿ ಕೂಸು, ಕೈಯಲ್ಲಿ ಶಾಲೆಗೆ ಹೋಗುವ ಮಗ. ಇನ್ನೊಬ್ಬರು ಮಕ್ಕಳ ಲೈಬ್ರರಿ ನೋಡಿಕೊಳ್ಳುವ ಹೆಂಗಸು. ಕಿಟಕಿ ಪರದೆ ಹೊಲಿಸಲು ಬಟ್ಟೆ ತಂದಿದ್ದರು.

"ಇವನ ಶಾಲೆ ಅಂಗಿ ಪ್ಯಾಂಟು ಎರಡು ವರ್ಷ ಬರೋ ಹಾಗೆ ದೊಡ್ಡದು ಹೊಲೀರಿ ಟೈಲರಕ್ಕ. ಬೆಳೆಯೋ ಹುಡುಗ," ಎಂದಳು ಬೇಕರಿಯವಳು.

ಟೈಲರಮ್ಮ ಟೇಪನ್ನು ಹುಡುಗನ ಭುಜಕ್ಕೆ ಹಿಡಿದಳು. ಈ ಮಾತಿಗೆ ಅವಳಲ್ಲಿ ಉತ್ತರ ಯಾವಾಗಲೂ ಸಿದ್ಧ. "ಅದಾಗಲ್ಲಮ್ಮ. ಈ ಅಂಗಡೀಲಿ ಅಳತೆ ಇವತ್ತಿಂದೇ. ದೊಡ್ಡದು ಹೊಲಿದ್ರೆ ತೋಳು ಕೈ ಮುಚ್ಚುತ್ತೆ, ಪ್ಯಾಂಟು ಕಾಲಿಗೆ ಸಿಕ್ಕಿ ಬೀಳ್ತಾನೆ. ಓಡೋಕಾಗಲ್ಲ. ಆಮೇಲೆ ನಾಲ್ಕು ಹುಡುಗರು ನಗ್ತಾರೆ. ಅಂಗಿ ತಪ್ಪಿಗೆ ಇವನು ತಲೆ ತಗ್ಗಿಸಬೇಕಾ?"

"ಮತ್ತೆ ಬೆಳೆದಾಗ?"

"ಒಳಗೆ ಬಟ್ಟೆ ಬಿಟ್ಟಿರ್ತೀನಿ. ಮಡಿಕೆ ಹೊರಗೆ ಕಾಣಲ್ಲ. ಬೆಳೆದ ಹಾಗೆ ಬಿಚ್ಚಿಸ್ಕೊಳ್ಳಿ."

ಲೈಬ್ರರಿಯಮ್ಮ ಸ್ಟೂಲಿನ ಮೇಲೆ ಕೂತು ಎಲ್ಲ ಕೇಳುತ್ತಿದ್ದರು. ಅವರ ಕಣ್ಣು ಮಿಷನ್ ಮೇಲಿದ್ದ ದಪ್ಪ ಪುಸ್ತಕಕ್ಕೆ ಹೋಯಿತು. ರಟ್ಟಿನಲ್ಲಿ ಕಬ್ಬಿಣದ ಕಾಲಿನ ದುಂಡನೆಯ ಗುರುತು ಮೂಡಿತ್ತು. ಎರಡು ಪುಟ ತಿರುವಿ, ಬಾಗಿಲ ಮರೆಯಲ್ಲಿ ನಿಂತಿದ್ದ ಬಾಬಿನ್‌ಳನ್ನು ನೋಡಿದರು.

"ಇದನ್ನ ಯಾರ ಅಳತೆಗೆ ತಂದ್ರಿ ಟೈಲರಕ್ಕ?"

"ನಮ್ಮ ಬಾಬಿನ್‌ಗೆ ಮೇಡಂ. ಸ್ವಲ್ಪ ದೊಡ್ಡದೇ ಇರಲಿ ಅಂತ… ಬೆಳೆಯೋ ಹುಡುಗಿ…"

ಟೇಪು ಹುಡುಗನ ಭುಜದ ಮೇಲೆ ಹಾಗೇ ಉಳಿಯಿತು.

"ದೀಪದ ಬುಡದಲ್ಲೇ ಕತ್ತಲು," ಎಂದರು ಅತ್ತೆ. "ಊರಿನ ಮಕ್ಕಳಿಗೆಲ್ಲ ಮೈಗೆ ಸರಿಯಾಗಿ ಹೊಲೀತಾಳೆ. ಸ್ವಂತ ಮಗಳಿಗೆ ಗೋಣಿಚೀಲ ತೊಡಿಸಿದಾಳೆ."

"ಅಂಗಿ ಬೇರೆ, ಪುಸ್ತಕ ಬೇರೆ ಅತ್ತೆ!" ಟೈಲರಮ್ಮ ಅಷ್ಟು ಸುಲಭಕ್ಕೆ ಸೋಲುವವಳಲ್ಲ. "ಕಷ್ಟದ್ದು ಓದಿದ್ರೆ ತಾನೇ ಬುದ್ಧಿ ಬೆಳೆಯೋದು?"

"ಸ್ವಲ್ಪ ಕಷ್ಟ ಇರಬೇಕು, ನಿಜ," ಎಂದರು ಲೈಬ್ರರಿಯಮ್ಮ. "ಆದ್ರೆ ಇದನ್ನ ನೋಡಿ. ಸಾಲು ಸಾಲಿಗೂ ಒತ್ತಕ್ಷರ, ಪುಟದಲ್ಲಿ ಒಂದು ಚಿತ್ರ ಇಲ್ಲ. ಹೊಸದಾಗಿ ಓದೋ ಮಗು ಒತ್ತಕ್ಷರ ಕಂಡ್ರೆ ಕಲ್ಲು ಎಡವಿದ ಹಾಗೆ ನಿಲ್ಲುತ್ತೆ. ಹೆಜ್ಜೆಗೊಂದು ಕಲ್ಲಿದ್ರೆ ಯಾರು ನಡೀತಾರೆ? ಕಾಲೇ ಸರಿಯಿಲ್ಲ ಅಂದ್ಕೊಂಡು ಕೂತುಬಿಡ್ತಾರೆ."

ಬಾಬಿನ್ ಮೆಲ್ಲಗೆ ಒಂದು ಹೆಜ್ಜೆ ಮುಂದೆ ಬಂದಳು.

"ಶನಿವಾರ ಪರದೆ ತಗೊಂಡು ಲೈಬ್ರರಿಗೆ ಬನ್ನಿ. ಇವಳೂ ಬರಲಿ, ಅಜ್ಜೀನೂ ಬರಲಿ. ಪುಸ್ತಕಕ್ಕೆ ಅಳತೆ ತೆಗೆಯೋದು ಹೇಗೆ ಅಂತ ನಾನು ತೋರಿಸ್ತೀನಿ."

"ನಾನ್ಯಾಕಮ್ಮ? ನಂಗೆ ಅಕ್ಷರ ಬರಲ್ಲ," ಎಂದರು ಅತ್ತೆ.

"ಅದಕ್ಕೇ ಬನ್ನಿ."

ಶನಿವಾರ ಮೂವರೂ ಹೋದರು. ಲೈಬ್ರರಿ ಅಂದರೆ ಒಂದೇ ಕೋಣೆ, ನೆಲಕ್ಕೆ ಚಾಪೆ. ಕಪಾಟುಗಳು ಮಕ್ಕಳ ಸೊಂಟದೆತ್ತರ. ಪುಸ್ತಕಗಳು ಬೆನ್ನು ತೋರಿಸಿ ನಿಂತಿರಲಿಲ್ಲ, ಮುಖ ತೋರಿಸಿ ಕೂತಿದ್ದವು. ಬಾಬಿನ್ ಬಾಗಿಲಲ್ಲೇ ಅಮ್ಮನ ಸೆರಗಿನ ಹಿಂದೆ ಸರಿದಳು.

"ನಿಂಗೆ ಯಾವುದು ಬೇಕೋ ತಗೋ ಪುಟ್ಟಿ," ಎಂದರು ಲೈಬ್ರರಿಯಮ್ಮ.

"ನಾನೇ ಆರಿಸ್ತೀನಿ, ಇವಳಿಗೇನು ಗೊತ್ತಾಗುತ್ತೆ," ಎಂದು ಟೈಲರಮ್ಮ ಮುಂದಾದಳು. ಲೈಬ್ರರಿಯಮ್ಮ ಅವಳ ಕೈಗೆ ಪರದೆ ಕೊಟ್ಟು, "ನೀವು ಮೊದಲು ಕಿಟಕಿ ನೋಡಿ," ಎಂದರು.

ಬಾಬಿನ್ ಮೂರು ಸುತ್ತು ಸುತ್ತಿದಳು. ಕೊನೆಗೆ ಮೇಕೆಯ ಚಿತ್ರವಿದ್ದ ಒಂದು ತೆಳು ಪುಸ್ತಕ ತೆಗೆದಳು. ಮೇಕೆಯ ಬಾಯಲ್ಲಿ ಯಾರದೋ ಅಂಗಿ. ಟೈಲರ್ ಮಗಳು ಮತ್ತೇನು ಆರಿಸಿಯಾಳು!

ಟೈಲರಮ್ಮ ಕಿಟಕಿ ಬಿಟ್ಟು ಬಂದು ಇಣುಕಿದಳು. "ಪುಟಕ್ಕೊಂದು ಸಾಲು! ಉಳಿದಿದ್ದೆಲ್ಲ ಚಿತ್ರ. ಇದು ಓದಾ ಮೇಡಂ, ಬರೀ ನೋಟಾನಾ?"

"ತಡೀರಿ, ಅಳತೆ ತೆಗೀತೀನಿ." ಲೈಬ್ರರಿಯಮ್ಮ ಬಾಬಿನ್‌ಳ ಪಕ್ಕ ಕೂತರು. "ಒಂದು ಕೈ ಬಿಚ್ಚು ಪುಟ್ಟಿ. ಯಾವುದಾದ್ರೂ ಪುಟ ತೆಗಿ. ಓದ್ತಾ ಹೋಗು. ಗೊತ್ತಾಗದ ಪದ ಬಂದ್ರೆ ಒಂದು ಬೆರಳು ಮಡಚು. ಅಷ್ಟೇ. ಯಾರೂ ಬೈಯಲ್ಲ."

ಬಾಬಿನ್ ಅಮ್ಮನ ಮುಖ ನೋಡಿದಳು. ಅಮ್ಮ ಪರದೆ ಕೆಳಗಿಟ್ಟು ಕೂತಳು. ಹುಡುಗಿ ಪುಟದ ಮೇಲೆ ಬೆರಳಿಟ್ಟಳು.

"ಮೇಕೆ… ಬಂತು. ಒಂದು… ಕಾ… ಕಾ…" ನಿಂತಳು. ಕಿರುಬೆರಳು ಮಡಚಿತು. ಟೈಲರಮ್ಮನ ಬಾಯಿ ತೆರೆಯಿತು. ಲೈಬ್ರರಿಯಮ್ಮ ತುಟಿಗೆ ಬೆರಳಿಟ್ಟು ತಡೆದರು. ಬಾಬಿನ್ ಚಿತ್ರ ನೋಡಿದಳು. ಹಗ್ಗದ ಮೇಲೆ ಪಟ್ಟೆಪಟ್ಟೆಯ ಒಂದು ಜೊತೆ ನೇತಾಡುತ್ತಿತ್ತು. ಒಂದರ ತುದಿ ಮೇಕೆಯ ಬಾಯೊಳಗೆ.

"ಕಾಲ್ಚೀಲ! ಒಂದು ಕಾಲ್ಚೀಲ ತಿಂತು!"

ಅವಳು ಪುಟ ತಿರುವಿದಳು. ಮೇಕೆ ಟೋಪಿ ತಿಂದಿತು. ಅಂಗಿ ತಿಂದಿತು. ಅಜ್ಜಿ ಚಾಪೆಯ ಮೇಲೆ ಜರುಗಿ ಜರುಗಿ ಮೊಮ್ಮಗಳ ಪಕ್ಕಕ್ಕೆ ಬಂದಿದ್ದರು. ಇದ್ದಕ್ಕಿದ್ದಂತೆ ಪುಟದ ಮೂಲೆಗೆ ಕೈಯಿಟ್ಟು, "ಏ ನಿಲ್ಲು! ಇಲ್ಲಿ ನೋಡೇ, ಇಲಿ. ಗುಂಡಿ ಕದ್ಕೊಂಡು ಹೋಗ್ತಿದೆ!" ಎಂದರು.

"ಎಲ್ಲಿ? ಪುಸ್ತಕದಲ್ಲಿ ಇಲಿ ಅಂತ ಬರೆದೇ ಇಲ್ಲವಲ್ಲ ಅಜ್ಜಿ!"

"ಬರೆಯದಿದ್ರೆ ಏನು, ಇದೆಯಲ್ಲ! ಹಿಂದಿನ ಪುಟ ತೆಗಿ. ಅಲ್ಲೂ ಇದ್ದೇ ಇರುತ್ತೆ ಕಳ್ಳ."

ಹಿಂದಿನ ಪುಟದಲ್ಲೂ ಇತ್ತು. ಅದರ ಹಿಂದೆಯೂ ಇತ್ತು. ಇಬ್ಬರೂ ಮೊದಲಿನಿಂದ ಶುರು ಮಾಡಿದರು. ಇಲಿ ಗುಂಡಿ ಕದಿಯುವುದೇಕೆ ಎಂದು ಜಗಳ ಹತ್ತಿತು. ಮನೆ ಕಟ್ಟೋಕೆ ಎಂದರು ಅಜ್ಜಿ. ಮೇಕೆಗೆ ಅಂಗಿ ಹೊಲಿಯೋಕೆ ಎಂದಳು ಬಾಬಿನ್. ಹೊಲಿಗೆ ಜಾಣೆಯರಿಬ್ಬರ ವಾದ ಬೇಗ ಮುಗಿಯುವಂಥದ್ದಲ್ಲ.

"ಈಗ ಹೇಳಿ," ಎಂದರು ಲೈಬ್ರರಿಯಮ್ಮ ಮೆಲುದನಿಯಲ್ಲಿ. "ಮುಂದೇನಾಗುತ್ತೆ ಅಂತ ಊಹಿಸ್ತಿದಾಳೆ. ಗೊತ್ತಿಲ್ಲದ ಪದವನ್ನ ಚಿತ್ರ ನೋಡಿ ಬಿಡಿಸ್ತಾಳೆ. ಬರೆಯದೇ ಇರೋದನ್ನೂ ಹುಡುಕ್ತಾಳೆ. ಇದು ಓದಲ್ವಾ?"

ಟೈಲರಮ್ಮ ಮಗಳ ಕೈಯನ್ನೇ ನೋಡುತ್ತಿದ್ದಳು. ಮಡಚಿದ್ದು ಒಂದೇ ಬೆರಳು. "ಐದೂ ಮಡಚಿದ್ರೆ?"

"ಆ ಪುಸ್ತಕ ಸದ್ಯಕ್ಕೆ ದೊಡ್ಡದು. ನೀವೇ ಓದಿ ಹೇಳಿ, ಅವಳು ಕೇಳಲಿ. ಇಲ್ಲ ಎತ್ತಿಡಿ. ಒಂದೂ ಮಡಚದಿದ್ರೆ ಖುಷಿಗೆ ಓದಲಿ, ಅದೂ ಬೇಕು. ಒಂದೆರಡು ಮಡಚಿದ್ರೆ…"

"…ಮೈಗೆ ಸರಿಯಾಗಿದೆ, ಒಳಗೆ ಬಟ್ಟೇನೂ ಬಿಟ್ಟಿದೆ," ಎಂದಳು ಟೈಲರಮ್ಮ.

ಲೈಬ್ರರಿಯಮ್ಮ ಜೋರಾಗಿ ನಕ್ಕರು. "ಇಷ್ಟು ವರ್ಷ ಇದನ್ನ ಹೇಳ್ತಾ ಬಂದಿದೀನಿ, ಇಷ್ಟು ಚೆನ್ನಾಗಿ ನನಗೆ ಹೇಳೋಕೆ ಬಂದಿರಲಿಲ್ಲ."

ಅಂದು ಮೇಕೆ ಅವರ ಜೊತೆ ಮನೆಗೆ ಬಂತು. ಸಂಜೆ ಒಂದು ಸಲ ಓದಾಯಿತು, ಮತ್ತೊಂದು ಸಲ, ಇನ್ನೊಂದು ಸಲ. "ಅದನ್ನೇ ಎಷ್ಟು ಸಲ ಓದ್ತೀಯೇ?" ಎಂದು ಕೇಳಲು ಹೋದ ಟೈಲರಮ್ಮ ಬಾಯಿ ಮುಚ್ಚಿಕೊಂಡಳು. ತಾನು ಗುಂಡಿ ತೂರಿಸುವ ಕಾಜಾ ಹಾಕಲು ಕಲಿತಾಗ ಒಂದೇ ಚಿಂದಿಗೆ ಎಷ್ಟು ಕಾಜಾ ಹಾಕಿದ್ದಳು! ಹಾಕಿದಷ್ಟೂ ಕೈ ಕುದುರಿತ್ತು. ಇಲ್ಲಿ ನಾಲಿಗೆ ಕುದುರುತ್ತಿತ್ತು.

ಮಿಷನ್ ಮತ್ತೆ ಟಕ್ ಟಕ್ ಎಂದು ಕುಂಟತೊಡಗಿತು. ಟೈಲರಮ್ಮ ಬಡಗಿಯಿಂದ ಒಂದು ಮರದ ತುಂಡು ತಂದು ಕಾಲಿಗೆ ಕೊಟ್ಟಳು. ದಪ್ಪ ಪುಸ್ತಕವನ್ನು ಒರೆಸಿ ಕಪಾಟಿನ ಮೇಲಿಟ್ಟಳು. ದಿನಾ ಸಂಜೆ ತಾನೇ ಅದರಿಂದ ಒಂದು ಕಥೆ ಓದಿ ಹೇಳತೊಡಗಿದಳು. ಅದೇ ಪುಸ್ತಕ, ಈಗ ಯಾರೂ ಅಳುತ್ತಿರಲಿಲ್ಲ.

ಕೆಲವು ವಾರಗಳ ನಂತರ ಬೇಕರಿಯವಳು ಮಗನ ಅಂಗಿ ಒಯ್ಯಲು ಬಂದಳು. ಕತ್ತರಿಸುವ ಮೇಜಿನ ಕೆಳಗೆ ಬಾಬಿನ್ ಅವಳ ಮಗನಿಗೆ ಹೊಸ ಪುಸ್ತಕವೊಂದನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಕಂಕುಳ ಕೂಸು ಕೆಳಗಿಳಿದು ಪುಸ್ತಕದ ಮೂಲೆಗೇ ಬಾಯಿ ಹಾಕಿತು.

"ಅಯ್ಯೋ, ಇದಕ್ಕೆ ಯಾವ ಪುಸ್ತಕ ಟೈಲರಕ್ಕ?"

"ದಪ್ಪ ರಟ್ಟಿಂದು, ದೊಡ್ಡ ದೊಡ್ಡ ಚಿತ್ರದ್ದು. ಕಚ್ಚಲಿ ಬಿಡಿ. ಹಲ್ಲು ಬರೋ ವಯಸ್ಸಿಗೆ ಅದೇ ಅಳತೆ," ಎಂದಳು ಟೈಲರಮ್ಮ, ಹುಟ್ಟಿದಾಗಿನಿಂದ ಲೈಬ್ರರಿಯಲ್ಲೇ ಇದ್ದವಳ ಹಾಗೆ. ಅತ್ತೆ ಕನ್ನಡಕದ ಮೇಲಿಂದ ನೋಡಿದರು.

ಮೇಜಿನ ಕೆಳಗಿನಿಂದ ಹುಡುಗ ಕೇಳಿದ: "ಆ ಮೇಲಿರೋ ದೊಡ್ಡ ಪುಸ್ತಕ ನಿಂಗೆ ಓದೋಕೆ ಬರುತ್ತಾ?"

ಟೈಲರಮ್ಮನ ಕಾಲು ಪೆಡಲ್ ಮೇಲೆ ನಿಂತಿತು.

ಬಾಬಿನ್ ಸ್ಟೂಲ್ ಹತ್ತಿ ಪುಸ್ತಕ ಇಳಿಸಿದಳು. ಒಂದು ಪುಟ ತೆಗೆದು ಕೈ ಬಿಚ್ಚಿದಳು. ಅರ್ಧ ಪುಟ ಓದುವಷ್ಟರಲ್ಲಿ ಬೆರಳುಗಳೆಲ್ಲ ಮಡಚಿ ಮುಷ್ಟಿಯಾಯಿತು. ಆ ಮುಷ್ಟಿಯನ್ನು ಹುಡುಗನಿಗೆ ತೋರಿಸಿ, ಅಮ್ಮ ಗಿರಾಕಿಗಳಿಗೆ ಹೇಳುವ ಧಾಟಿಯಲ್ಲೇ ಹೇಳಿದಳು:

"ಇದು ಸದ್ಯಕ್ಕೆ ನಂಗೆ ದೊಡ್ಡದು. ನಾನು ಬೆಳೀತೀನಿ, ಅದು ಅಲ್ಲೇ ಇರಲಿ."

ದಡ್ಡಿ ಅನ್ನುವ ಮಾತು ಅವಳ ಬಾಯಿಗೆ ಬರಲೇ ಇಲ್ಲ. ಟೈಲರಮ್ಮ ಬಗ್ಗಿ ಸೀಮೆಸುಣ್ಣ ಹುಡುಕುವ ನೆಪದಲ್ಲಿ ಕಣ್ಣೊರೆಸಿಕೊಂಡಳು. ಸೀಮೆಸುಣ್ಣ ಅವಳ ಕೈಯಲ್ಲೇ ಇತ್ತು.

ಅಮ್ಮಂದಿರೇ, ಅಪ್ಪಂದಿರೇ, ಮೊಮ್ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಳ್ಳುವ ಅಜ್ಜ ಅಜ್ಜಿಯರೇ, ನಿಮ್ಮ ಮಗುವಿಗೆ ಅಂಗಿ ತರುವಾಗ ಮೈಗೆ ಹಿಡಿದು ನೋಡುತ್ತೀರಲ್ಲ, ಪುಸ್ತಕ ತರುವಾಗಲೂ ಹಾಗೇ ನೋಡಿ. ಮಗುವನ್ನು ಜೊತೆಗೆ ಕರೆದೊಯ್ಯಿರಿ. ಆರಿಸುವ ಕೈ ಅದರದೇ ಇರಲಿ. ಒಂದು ಪುಟ ಓದಿಸಿ, ಬೆರಳು ಮಡಚಿಸಿ. ಚಿತ್ರ ಕಂಡು ಮೂಗು ಮುರಿಯಬೇಡಿ, ಅಕ್ಷರ ಬಾರದವರೂ ಮಗುವಿನ ಜೊತೆ ಕೂತು ಚಿತ್ರ ಓದಬಹುದು. ಓದಿದ್ದನ್ನೇ ಮತ್ತೆ ಓದಿದರೆ ಓದಲಿ ಬಿಡಿ. ಕೊಳ್ಳಲಾಗದಿದ್ದರೆ ಹತ್ತಿರದ ಲೈಬ್ರರಿಯನ್ನೋ ಶಾಲೆಯ ಪುಸ್ತಕದ ಕಪಾಟನ್ನೋ ಕೇಳಿ. ಮಗು ಎಡವುತ್ತಿದ್ದರೆ ಬೈಯುವ ಮೊದಲು ಪುಸ್ತಕ ಅದಕ್ಕೆ ದೊಡ್ಡದಾಯಿತೇನೋ ನೋಡಿ.

ಇವತ್ತು ಸಂಜೆ ನಿಮ್ಮ ಮನೆಯ ಮೇಜಿನ ಕಾಲಡಿಯಲ್ಲಿ ಏನಿದೆ ಎಂದು ಒಮ್ಮೆ ಬಗ್ಗಿ ನೋಡಿ.