ನಾಲ್ಕನೇ ಮಹಡಿಯ ಪರದೆಗಳು

ಕಂಪ್ಯೂಟರಿನಲ್ಲಿ ನಾಲ್ಕನೇ ಮಹಡಿ ಕೆಂಪಾಗಿತ್ತು. ಹಾಗಾಗಬಾರದಿತ್ತು.

ಇಡೀ ಕಚೇರಿ ಕಟ್ಟಡದ ನಕಲೊಂದನ್ನು ಇಂಜಿನಿಯರ್ ಕಂಪ್ಯೂಟರಿನೊಳಗೆ ಕಟ್ಟಿದ್ದಳು: ಗೋಡೆ, ಕಿಟಕಿ, ಎ.ಸಿ., ಲಿಫ್ಟು, ಎಲ್ಲ. ಸೆನ್ಸರ್‌ಗಳು ಕಳಿಸುವ ಮಾಹಿತಿ ಓದಿ, ಎಲ್ಲಿ ಎಷ್ಟು ವಿದ್ಯುತ್ ಬೇಕಾದೀತೆಂದು ಈ ಡಿಜಿಟಲ್ ಅವಳಿ ಮೊದಲೇ ಹೇಳುತ್ತಿತ್ತು, ಎ.ಸಿ. ಅದರಂತೆ ನಡೆಯುತ್ತಿತ್ತು. ಸಹೋದ್ಯೋಗಿಗಳು ಆಕೆಗೆ ‘ಅವಳಿಯಮ್ಮ’ ಎಂದು ಹೆಸರಿಟ್ಟಿದ್ದರು.

ಇಂದು ಆ ನಕಲಿನ ಪರೀಕ್ಷೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಊರಿಗೆಲ್ಲ ವಿದ್ಯುತ್ ಬೇಕಾಗುವ ಹೊತ್ತಿನಲ್ಲಿ, ಕಟ್ಟಡದ ಬಳಕೆ ಗೊತ್ತುಪಡಿಸಿದ ಮಿತಿ ದಾಟಬಾರದು. ದಾಟಿದರೆ ಆಕೆಯ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಹಳೆಯ ಪದ್ಧತಿಯಂತೆ ದಿನಾ ಮಧ್ಯಾಹ್ನ ಎಲ್ಲರ ಎ.ಸಿ. ಬಂದ್.

ಕೆಂಪೆಂದರೆ ಬಳಕೆ ಏರುತ್ತಿದೆ ಎಂದರ್ಥ. ಊಟ ಬಿಟ್ಟು ನಾಲ್ಕನೇ ಮಹಡಿಗೆ ಹೋದಳು. ಲೆಕ್ಕಪತ್ರ ವಿಭಾಗದಲ್ಲಿ ಬಾಗಿಲ ಬಳಿಯವರು ಶಾಲು ಹೊದ್ದಿದ್ದರು. ಕಿಟಕಿ ಬಳಿಯವರು ಫೈಲಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಗೋಡೆಯ ಸೆನ್ಸರ್‌ಗೆ ಅಂಟಿಕೊಂಡಂತೆ ಒಂದು ಟೇಬಲ್ ಲ್ಯಾಂಪ್ ಉರಿಯುತ್ತಿತ್ತು. ಲ್ಯಾಂಪು ಅದೇ ವಿಭಾಗದಲ್ಲಿ ಕಿಟಕಿ ಬಳಿ ಕೂರುವ, ಆಕೆಯ ಅಕ್ಕನ ಗಂಡನದು.

“ಭಾವ, ಇದೇನಿದು?”

“ಸೆನ್ಸರ್‌ಗೆ ಚಳಿ ಆಗ್ತಿತ್ತಮ್ಮ, ಪಾಪ.”

“ತಮಾಷೆ ಸಾಕು. ಅದಕ್ಕೆ ಶಾಖ ಕೊಟ್ರೆ, ಕೋಣೆ ಕಾದಿದೆ ಅಂತ ಎ.ಸಿ. ಜೋರಾಗುತ್ತೆ. ಮಿತಿ ದಾಟುತ್ತೆ.”

“ಕೋಣೆ ಕಾದೇ ಇದೆ. ನನ್ನ ಕುರ್ಚೀಲಿ ಕೂತು ನೋಡು. ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟ ಹಾಗಿರುತ್ತೆ.”

“ಅವರ ಲ್ಯಾಂಪಿನ ಪುಣ್ಯ, ನಮಗೆ ನೆಗಡಿ,” ಎಂದಳು ಶಾಲಿನ ಹೆಂಗಸು.

“ನಿಮ್ಮ ಗಾಳಿ ಈ ಕಡೆ ಕಳಿಸಿ ಮೇಡಂ, ಬೇಡ ಅಂದೋರು ಯಾರು?”

ಇಂಜಿನಿಯರ್ ಭಾವನ ಕುರ್ಚಿಯಲ್ಲಿ ಕೂತಳು. ಬಿಸಿಲು ನೇರ ಕುತ್ತಿಗೆಗೆ ಬಡಿಯಿತು. ಕಿಟಕಿಗಳಿಗೆ ಪರದೆಯೇ ಇರಲಿಲ್ಲ. ಆದರೆ ಕಂಪ್ಯೂಟರಿನ ಕಟ್ಟಡದಲ್ಲಿ ಇದ್ದವು. ನಕ್ಷೆಯಲ್ಲಿದ್ದುದನ್ನು ಆಕೆ ಹಾಗೆಯೇ ಸೇರಿಸಿದ್ದಳು.

“ನನಗೆ ಮೊದಲೇ ಹೇಳಬಾರದಿತ್ತಾ?”

“ಹೇಳೋಕೆ ಬಂದೆ. ಮನೇಲಿ ಆಫೀಸಿನ ಮಾತು ಬೇಡ ಭಾವ ಅಂತ ನೀನೇ ಅಂದೆ.”

ಆಕೆ ಕಟ್ಟಡದ ಮ್ಯಾನೇಜರಿಗೆ ಫೋನ್ ಮಾಡಿದಳು.

“ನಾಲ್ಕನೇ ಮಹಡಿಯವರು ಪರದೆ ಕೇಳಿದ್ರು,” ಎಂದ ಆತ. “ನಾನೇ ಪರಿಶೀಲಿಸಿ ಬೇಡ ಅಂದೆ. ಪರದೆ ಇವೆಯಲ್ಲ?”

“ಎಲ್ಲಿ ನೋಡಿದ್ರಿ?”

“ನಿಮ್ಮ ಅವಳೀಲೇ, ಮೇಡಂ. ಚೆನ್ನಾಗಿ ಕಾಣ್ತವೆ. ಬಣ್ಣ ಸಮೇತ.”

ಆಕೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ಚಚ್ಚಿಕೊಳ್ಳಲೂ ಪುರುಸೊತ್ತಿರಲಿಲ್ಲ, ಎರಡು ಹೊಡೆಯುವುದರಲ್ಲಿತ್ತು. ಮೂಲೆಯಲ್ಲಿದ್ದ ಹಳೆಯ ಪೇಪರಿನ ಕಟ್ಟು ಬಿಚ್ಚಿದಳು. ಶಾಲಿನ ಹೆಂಗಸು ಟೇಪು ತಂದಳು. ಭಾವ ಗೊಣಗುತ್ತಲೇ ಮೇಜು ಹತ್ತಿ ಗಾಜಿನ ಮೇಲೆ ಹಾಳೆ ಅಂಟಿಸಿದ. ಆಮೇಲೆ ಲ್ಯಾಂಪ್ ಆರಿಸಿದ.

ಕಂಪ್ಯೂಟರಿನಲ್ಲಿ ಬಳಕೆಯ ಗೆರೆ ಮಿತಿಯ ಹತ್ತಿರ ಹೋಯಿತು, ಅಲ್ಲೇ ತಡವರಿಸಿತು, ಇಳಿಯಿತು. ನಾಲ್ಕರವರೆಗೂ ದಾಟಲಿಲ್ಲ.

ಮ್ಯಾನೇಜರ್ ಖುದ್ದಾಗಿ ಬಂದು ಕೈಕುಲುಕಿದ.

“ಪರದೆ ಯಾವಾಗ ಹಾಕಿಸ್ತೀರಿ?” ಆಕೆ ಕೇಳಿದಳು.

“ಇನ್ನೇಕೆ? ಪೇಪರಿನಲ್ಲೇ ಪಾಸಾಯ್ತಲ್ಲ.”

ಆತ ಹೋದ ಮೇಲೆ ಭಾವ ಆಕೆಯ ಮುಖ ನೋಡಿದ. “ಗೆದ್ದಮೇಲೂ ಯಾಕಮ್ಮ, ಹರಳೆಣ್ಣೆ ಕುಡಿದೋರ ಹಾಗೆ?”



ಮರುದಿನ ಮಧ್ಯಾಹ್ನ ಕಂಪ್ಯೂಟರಿನ ಕಟ್ಟಡದಿಂದ ಇಲ್ಲದ ಪರದೆಗಳನ್ನು ಒಂದೊಂದಾಗಿ ಅಳಿಸಿದಳು. ಅವುಗಳ ಜಾಗಕ್ಕೆ ಏನನ್ನು ಸೇರಿಸಬಹುದೆಂದು ಹುಡುಕಿದಳು. ಬಣ್ಣದ ಗಾಜಿತ್ತು, ಮರದ ಪಟ್ಟಿ ಇತ್ತು, ಏಳು ಬಗೆಯ ಬಟ್ಟೆ ಇತ್ತು. ಹಳೆಯ ಪೇಪರ್ ಇರಲಿಲ್ಲ.

ಫೋನ್ ಬಡಿದುಕೊಂಡಿತು. ಭಾವ.

“ಬಿಸಿಲಿಗೆ ಟೇಪು ಬಿಟ್ಟಿದೆ ಕಣಮ್ಮ, ಎರಡು ಹಾಳೆ ಬಿದ್ವು. ಏನ್ಮಾಡಲಿ, ಲ್ಯಾಂಪ್ ಹಚ್ಚಲಾ?”